ಮುರುಗೋಡು ಎಂದು ಮಾರಿದ್ದು ಆಫ್ರಿಕದ ಕ್ಯಾಟ್‌ಫಿಶ್! ಮೀನು ಮರಿ ಕೊಳ್ಳುವವರು ಓದಿ

ಕೃಷಿ ಹೊಂಡಕ್ಕೆ ಮುರುಗೋಡು, ಅಂದರೆ ನಮ್ಮ ನಾಟಿ ಮೀಸೆ ಮೀನಿನ (ಕ್ಯಾಟ್‌ಫಿಶ್) ಮರಿ ಬಿಡಬೇಕೆಂದಿರುವವರು ಹಣ ಕೊಡುವ ಮೊದಲು ಇದನ್ನು ಓದಿ. ಊರೂರಿಗೆ ವ್ಯಾನಿನಲ್ಲಿ ಮರಿ ತರುವ ವ್ಯಾಪಾರಿಯೊಬ್ಬ ನನಗೆ ಮಾರಿದ್ದು ಮುರುಗೋಡು ಅಲ್ಲ, 2000ರಲ್ಲಿಯೇ ಸರ್ಕಾರ ನಿಷೇಧಿಸಿದ ಆಫ್ರಿಕದ ಕ್ಯಾಟ್‌ಫಿಶ್. ನಾಟಿ ತಾನೇ ಎಂದು ಕೇಳಿಯೇ ಕೊಂಡಿದ್ದೆ. "ಅಪ್ಪಟ ನಾಟಿ ಸ್ವಾಮಿ, ಕಟ್ಲಾ ಜೊತೆಯಲ್ಲೇ ಬಿಡಿ, ಏನೂ ಮಾಡುವುದಿಲ್ಲ" ಎಂದಿದ್ದ.

ಏನೂ ಮಾಡುವುದಿಲ್ಲವಂತೆ! ಬಲೆ ಎಳೆದ ದಿನ ಖರೀದಿದಾರರು ತಕ್ಕಡಿ ಹಿಡಿದು ದಂಡೆಯಲ್ಲಿ ನಿಂತಿದ್ದರು. ಬಲೆಯಲ್ಲಿ ಕಟ್ಲಾ ಇಲ್ಲ, ರೋಹು ಇಲ್ಲ. ಬರೀ ಇವೇ, ಬೂದು ಮೈಯ ಮೇಲೆ ಕಪ್ಪು ಮಚ್ಚೆ ಹೊತ್ತು ಹೊರಳಾಡುತ್ತಿದ್ದವು. ನಮ್ಮ ಮುರುಗೋಡು ವರ್ಷಕ್ಕೆ ಕಾಲು ಕೆ.ಜಿ. ತೂಗಿದರೆ ಹೆಚ್ಚು. ಇವು ಆಗಲೇ ಒಂದು ಕೆ.ಜಿ. ದಾಟಿದ್ದವು. ಒಂದರ ಹೊಟ್ಟೆ ಸೀಳಿದರೆ ಒಳಗೆ ನನ್ನ ಕಟ್ಲಾ! ಮೀನುಗಾರಿಕೆ ಇಲಾಖೆಯವರು ಬಂದು ನೋಡಿ, "ಇದನ್ನು ಸಾಕುವುದೇ ಅಪರಾಧ, ಗೊತ್ತಿಲ್ಲವೇ?" ಎಂದು ಊರವರೆದುರೇ ಕೇಳಿದರು. ಕಳ್ಳತನ ಅವನದು, ತಲೆ ತಗ್ಗಿಸಿ ನಿಂತವನು ನಾನು.

ಫೋನ್ ಮಾಡಿದೆ. ಮೊದಲು, "ಕೊಕ್ಕರೆ ತಿಂದಿರಬೇಕು ಸ್ವಾಮಿ." ಆಮೇಲೆ, "ಇದು ಹೈಬ್ರಿಡ್, ಬೇಗ ಬೆಳೆದರೆ ನಿಮಗೇ ಲಾಭವಲ್ಲವೇ? ಕೋಳಿ ಅಂಗಡಿಯ ಕರುಳು ಹಾಕಿ, ಬೇರೆ ಮೀನಿನ ತಂಟೆಗೆ ಹೋಗುವುದಿಲ್ಲ." ನಾಟಿ ಎಂದವನ ಬಾಯಲ್ಲೇ ಈಗ ಹೈಬ್ರಿಡ್! ನಿಷೇಧದ ಮಾತೆತ್ತಿದೊಡನೆ, "ನಾನು ಕೊಟ್ಟ ಮರಿ ಅದಲ್ಲ. ರಸೀದಿ ಇದೆಯೇ?" ಈ ವ್ಯಾಪಾರದಲ್ಲಿ ರಸೀದಿ ಕೊಡುವವರು ಯಾರಿದ್ದಾರೆ, ಹೇಳಿ.

ಮರಿಯಾಗಿದ್ದಾಗ ನೋಡಿ ಗುರುತಿಸುವುದು ಸುಲಭವಲ್ಲ. ಎರಡಕ್ಕೂ ಎಂಟು ಮೀಸೆ, ಎರಡಕ್ಕೂ ಬಾಲದ ತನಕ ಹೋಗುವ ಬೆನ್ನಿನ ಈಜುರೆಕ್ಕೆ. ಆಫ್ರಿಕದ ನದಿ, ಕೆರೆ, ಜೌಗುಗಳ ಈ ಮೀನಿಗೆ ಕೆಸರು ನೀರಾದರೂ ಸರಿ. ರಾತ್ರಿ ಹೊತ್ತು ಮೀಸೆಯಿಂದ ತಡಕುತ್ತಾ ಮೀನು, ಕಪ್ಪೆ, ಕೊಳೆತ ಮಾಂಸ, ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಕಿವಿರಿನ ಮೇಲೆ ಗಾಳಿಯನ್ನೇ ಉಸಿರಾಡುವ ಇನ್ನೊಂದು ಅಂಗವಿದೆ. ಆದ್ದರಿಂದ ನೀರು ಬತ್ತಿಸಿದರೆ ಸಾಯುವುದಿಲ್ಲ, ಕೆಸರಿನೊಳಗೆ ಹೂತುಕೊಳ್ಳುತ್ತದೆ. ಮಳೆ ಬಂದರೆ ಎದೆಯ ಮುಳ್ಳೂರಿ ತೆವಳಿ ಪಕ್ಕದ ಹಳ್ಳಕ್ಕೂ ಹೋಗುತ್ತದೆ.

ಮರಿಯನ್ನು ಇಲಾಖೆಯ ಕೇಂದ್ರದಲ್ಲೇ ಕೊಳ್ಳಿ, ರಸೀದಿಯಲ್ಲಿ ಮೀನಿನ ಹೆಸರು ಬರೆಸಿ. ಈಗಾಗಲೇ ಬಿಟ್ಟಿದ್ದರೆ ದಯವಿಟ್ಟು ಕೆರೆಗೆ ಸುರಿಯಬೇಡಿ, ಅಲ್ಲಿರುವ ನಾಟಿ ಮೀನೂ ಉಳಿಯುವುದಿಲ್ಲ. ನನ್ನ ಹೊಂಡದ ನೀರು ಹೊರಹಾಕಿ, ಕೆಸರು ಬಗೆದು, ಒಂದೊಂದನ್ನೂ ಹಿಡಿದು ಕೊಲ್ಲಿಸಬೇಕಾಯಿತು. ಮರಿಯ ಹಣವೂ ಹೋಯಿತು, ಕೆಸರು ತೆಗೆಸಿದ ಕೂಲಿಯೂ ನನ್ನ ತಲೆಗೇ ಬಂತು. ಅವನ ವ್ಯಾನ್ ಮಾತ್ರ ಈಗಲೂ ಸಂತೆಗೆ ಬರುತ್ತಿದೆ.