ಅಂಗಡಿ ಬಾಗಿಲಿಗೆ ಓಸ್ತಿಯಾ ನೆಲ: ರಿಂಗ್ ರೋಡ್ ಮೊಸಾಯಿಕ್ ವರ್ಕ್‌ಶಾಪ್ ರಿವ್ಯೂ

ಮೈಸೂರಲ್ಲಿ ಬಂಡಿಪಾಳ್ಯದ ಹತ್ರ ನಮ್ಮದೊಂದು ಅಕ್ಕಿ-ರಾಗಿ ಹೋಲ್‌ಸೇಲ್ ಅಂಗಡಿ ಇದೆ, ಅದರ ಬಾಗಿಲ ಮುಂದಿನ ನೆಲನ ರಿಂಗ್ ರೋಡಲ್ಲಿರೋ ಒಂದು ಮೊಸಾಯಿಕ್ ವರ್ಕ್‌ಶಾಪಿಗೆ ಕೊಟ್ಟು ಮಾಡಿಸಿದ್ವಿ. ಹೆಸರು ಹಾಕಲ್ಲ, ಕೆಳಗೆ ಸ್ವಲ್ಪ ಬೈಯೋದಿದೆ. ಆದ್ರೂ ಐದಕ್ಕೆ ನಾಲ್ಕು ಸ್ಟಾರ್ ಧಾರಾಳವಾಗಿ ಕೊಡ್ತೀನಿ.

ನಾನು ಕೇಳಿದ್ದು ಇಟಲಿಯ ಓಸ್ತಿಯಾದಲ್ಲಿರೋ ಥರದ್ದು. ರೋಮಿನ ಹಳೇ ಬಂದರು ಅದು. ಅಲ್ಲಿ ನಾಟಕಶಾಲೆ ಹಿಂದೆ ದೊಡ್ಡದೊಂದು ಚೌಕ, ಸುತ್ತ ಕಂಬಸಾಲು, ಅದರೊಳಗೆ 60ರ ಆಸುಪಾಸು ಚಿಕ್ಕ ಚಿಕ್ಕ ಕೋಣೆ, ಅವುಗಳ ಮುಂದಿನ ನೆಲದ ಮೇಲೆಲ್ಲಾ ಕರಿ-ಬಿಳಿ ಕಲ್ಲಿನ ಚೂರಲ್ಲಿ ಹಡಗು, ಡಾಲ್ಫಿನ್, ದೀಪಸ್ತಂಭ, ಧಾನ್ಯ ಅಳೆಯೋ ಕೊಳಗ. ಹೆಚ್ಚಿನವು ಕ್ರಿ.ಶ. 2ನೇ ಶತಮಾನದ ಕೊನೆ, 3ನೇದರ ಶುರುವಿನವು. ಈಗಿನ ಟ್ಯುನೀಷಿಯಾದ ಕಾರ್ತೇಜಿನ ಹಡಗಿನವರು, ಸಾರ್ಡೀನಿಯಾದ ಕಾಲ್ಯಾರಿಯವರು, ಫ್ರಾನ್ಸ್ ಕಡೆ ನಾರ್ಬೋನಿನವರು ಅಂತ ಊರ ಹೆಸರೂ ನೆಲದಲ್ಲೇ ಬರೆಸವ್ರೆ. ಈಗಿನ ಲಿಬಿಯಾದ ಸಬ್ರಾತಾದವರಂತೂ ಹಡಗು ಬಿಟ್ಟು ಆನೆ ಹಾಕ್ಸವ್ರೆ, ದಸರಾ ನೋಡಿ ಬೆಳೆದವರಿಗೆ ಅದೇ ಜಾಸ್ತಿ ಹಿಡಿಸುತ್ತೆ ಬಿಡಿ. ಅಂದ್ರೆ ನೆಲನೇ ಬೋರ್ಡು. ನಂಗೆ ಬೇಕಾಗಿದ್ದೂ ಅದೇ, ಮೇಲ್ಗಡೆ ಫ್ಲೆಕ್ಸು ಎಲ್ರೂ ಕಟ್ತಾರೆ, ಮೂಟೆ ಹೊತ್ಕೊಂಡು ತಲೆ ಬಗ್ಗಿಸ್ಕೊಂಡು ಬರೋನಿಗೆ ಕಾಣೋದು ನೆಲ ತಾನೆ.

ಡಿಸೈನರ್ ಹುಡುಗ ಮೊದ್ಲು ಲ್ಯಾಪ್‌ಟಾಪಲ್ಲಿ ನೀಲಿ ಸಮುದ್ರ, ಮುಳುಗೋ ಸೂರ್ಯ, ಅಲೆಗೆಲ್ಲಾ ಶೇಡಿಂಗು ಅಂತ ತೋರಿಸ್ದ. ಬೇಡಪ್ಪಾ ಅಂದೆ. ಓಸ್ತಿಯಾದಲ್ಲಿ ಬಿಳಿ ನೆಲ, ಅದರ ಮೇಲೆ ಕರಿ ಆಕಾರ, ಹಲಗೆ ಹಗ್ಗ ತೋರ್ಸೋಕೆ ಒಳಗೊಂದು ಸಣ್ಣ ಬಿಳಿ ಗೆರೆ, ಅಷ್ಟೇ. ಫೋಟೋ ನೋಡಿದ್ಮೇಲೆ ಒಪ್ಕೊಂಡ. ಕಲ್ಲು ಒಡೆಯೋ ಹುಡುಗರ ಕೈಗೆ ಮಾತ್ರ ಶರಣು, ಚಾಮರಾಜನಗರದ ಕರಿ ಗ್ರಾನೈಟು, ರಾಜಸ್ಥಾನದ ಬಿಳಿ ಮಾರ್ಬಲ್ಲು, ಎರಡನ್ನೂ ಕೈಯಲ್ಲೇ ಕತ್ತರಿಸಿ ಡಾಲ್ಫಿನ್ ಬಾಲದ ತಿರುವು ಎಷ್ಟು ಚೆನ್ನಾಗಿ ತಂದವ್ರೆ ಅಂದ್ರೆ ಗಿರಾಕಿಗಳು ಅದನ್ನ ದಾಟ್ಕೊಂಡು ಹೋಗ್ತಾರೆ, ತುಳಿಯಲ್ಲ.

ಈಗ ಬೈಗುಳ. ರೋಮನ್ ಹಡಗಿಗೆ ಹಿಂದಿನ ತುದೀಲಿ ಆ ಪಕ್ಕ ಈ ಪಕ್ಕ ಎರಡು ದೊಡ್ಡ ಹುಟ್ಟು ಇರ್ತವೆ, ತಿರುಗ್ಸೋದು ಅದ್ರಲ್ಲೇ. ಇವರು ಈಗಿನ ಹಡಗಿನ ಥರ ಮಧ್ಯಕ್ಕೊಂದು ಚುಕ್ಕಾಣಿ ಇಟ್ಟು ಮೇಲೊಂದು ಬಾವುಟ ಬೇರೆ ಸಿಗಿಸಿದ್ರು. ಕಿತ್ತು ಹಾಕಿ ಅಂದ್ರೆ ಎಕ್ಸ್‌ಟ್ರಾ ಚಾರ್ಜ್ ಅಂತೆ! ನಾನು ಕೊಟ್ಟ ಡ್ರಾಯಿಂಗಲ್ಲಿ ಎರಡು ಹುಟ್ಟು ನೆಟ್ಟಗಿತ್ತಲ್ಲ ಅಂತ ಜಗಳ ಆಡಿದ ಮೇಲೆ ಫ್ರೀ ಮಾಡಿಕೊಟ್ರು.

ಕೊಳಗ ಮಾತ್ರ ಸೂಪರ್. ಓಸ್ತಿಯಾದಲ್ಲೇ ಧಾನ್ಯ ಅಳೆಯೋರ ಸಂಘದ ಹಾಲಿನ ನೆಲದಲ್ಲಿ ಕೊಳಗ ತುಂಬಿ ಕೋಲಲ್ಲಿ ಮಟ್ಟ ಮಾಡೋ ಚಿತ್ರ ಇದೆ, ನಮ್ಮಪ್ಪನ ಕಾಲದಲ್ಲಿ ಮಂಡಿಲಿ ಮಾಡ್ತಿದ್ದಿದ್ದೂ ಅದೇ ಕೆಲಸ. ಅದನ್ನ ನೋಡಿ ಅಪ್ಪ ಒಂದು ಸಲಕ್ಕೆ ಸುಮ್ನಾದ್ರು, ಅಲ್ಲಿವರೆಗೂ ಕಾವೇರಿ ಸೀಮೇಲಿ ಹಡಗು ಯಾಕೋ, ಹರಿಗೋಲು ಹಾಕ್ಸು ಅಂತಿದ್ರು. ಹರಿಗೋಲೂ ಮೂಲೇಲಿ ಹಾಕ್ಸಿದ್ವಿ, ಕರಿ ಕಲ್ಲಲ್ಲಿ ಅದು ತಟ್ಟೆಲಿಟ್ಟ ರಾಗಿ ಮುದ್ದೆ ಥರ ಕಾಣುತ್ತೆ, ನಮ್ ವ್ಯಾಪಾರಕ್ಕೆ ಪರವಾಗಿಲ್ಲ.

ಇನ್ನೊಂದು ಆಸೆ ಇತ್ತು. ಅಲ್ಲಿನ ಮೀನಂಗಡಿ ಒಂದರ ನೆಲದಲ್ಲಿ ಆಕ್ಟೋಪಸ್‌ನ ಬಾಯಲ್ಲಿ ಕಚ್ಕೊಂಡಿರೋ ಡಾಲ್ಫಿನ್ ಇದೆ, ಜೊತೆಗೆ ಲ್ಯಾಟಿನಲ್ಲಿ 'ಹೊಟ್ಟೆಕಿಚ್ಚಿನವ್ನೇ, ನಿನ್ನ ತುಳೀತೀನಿ' ಅಂತ ಬರಹ. ದೃಷ್ಟಿ ಬೊಂಬೆ ಬದ್ಲು ಇದನ್ನೇ ಬರೆಸೋಣ ಅಂದ್ರೆ ಅಪ್ಪ, ಬರೋ ಗಿರಾಕಿಗೇ ತುಳೀತೀನಿ ಅಂತೀಯೇನೋ ಅಂದ್ರು. ಬೂದುಗುಂಬಳಕಾಯೇ ಮುಂದುವರೀತಿದೆ. ನೆಲಕ್ಕೆ ಅಂಗಡಿ ಹೆಸರು ಮಾತ್ರ ಬಂತು. ಲ್ಯಾಟಿನ್ ಅಕ್ಷರ ಬಹುಪಾಲು ನೆಟ್ಟಗೆ ಗೆರೆ, ಚೌಕ ಕಲ್ಲು ಸಾಲಾಗಿ ಜೋಡಿಸಿದ್ರೆ ಆಯ್ತು, ಕನ್ನಡಕ್ಕೆ ಎಲ್ಲಾ ಸುತ್ತು, ಇನ್ನೂ ಚಿಕ್ಕ ಚೂರು ಬೇಕು. ಅದಕ್ಕೆ ಜಾಸ್ತಿ ದುಡ್ಡು ತಗೊಂಡ್ರು, ನ್ಯಾಯವಾದ ದುಡ್ಡು.

ರೇಟು ಮಾಮೂಲಿ ವಿಟ್ರಿಫೈಡ್ ಟೈಲಿನ ಎಷ್ಟೋ ಪಟ್ಟು, ಚೌಕಾಸಿ ನಡೆಯಲ್ಲ. ಕಲ್ಲಿನ ಸಂದಿಗೆ ತುಂಬೋ ಗ್ರೌಟ್ ಬಿಳೀದು ಹಾಕಿಸ್ಬೇಡಿ, ರಾಗಿ ಧೂಳಿಗೆ ಬೇಗ ಮಂಕಾಗುತ್ತೆ, ಬೂದು ಬಣ್ಣ ಅಂತ ಮೊದ್ಲೇ ಬಿಲ್ಲಲ್ಲಿ ಬರೆಸ್ಕೊಳ್ಳಿ. ಪಾಲಿಶೂ ಮ್ಯಾಟ್ ಇರ್ಲಿ, ಮಳೇಲಿ ಮೂಟೆ ಹೊರೋರು ಜಾರ್ತಾರೆ. ದಸರಾ ಹತ್ರ ಆರ್ಡರ್ ಕೊಟ್ರೆ ಹುಡುಗ್ರು ಕೈಗೆ ಸಿಗಲ್ಲ.