ಬಾವಿ ನೀರಿಗೆ ಸೈ, ಕಡಲ ನೀರಿಗೆ ಸಾಲದು: ಕೈಯಲ್ಲಿ ಹಿಡಿಯುವ ನೈಟ್ರೇಟ್ ಮೀಟರ್

ಬೆಳಗಾವಿಯ ನಮ್ಮ ಕಾಲೇಜು ಲ್ಯಾಬಿಗೆ ಈ ಸಣ್ಣ ಕಲರಿಮೀಟರುಗಳು (ರಾಸಾಯನಿಕ ಹಾಕಿದಾಗ ನೀರಿಗೆ ಬರುವ ಬಣ್ಣದ ಗಾಢತೆಯಿಂದ ಪ್ರಮಾಣ ಅಳೆಯುವ ಯಂತ್ರಗಳು) ಬಂದು ಕೆಲವು ವರ್ಷಗಳಾದವು. ಒಂದು ನೈಟ್ರೇಟಿಗೆ, ಇನ್ನೊಂದು ಅತಿ ಕಡಿಮೆ ಪ್ರಮಾಣದ ನೈಟ್ರೈಟಿಗೆ, ಅಂದರೆ ನೈಟ್ರೇಟಿಗಿಂತ ಒಂದು ಆಮ್ಲಜನಕ ಕಡಿಮೆ ಇರುವ ಅದರ ಸೋದರ ರೂಪಕ್ಕೆ. ಕಬ್ಬಿನ ಹೊಲದ ಬಾವಿ ನೀರು, ಕಾರವಾರದಿಂದ ಅಣಶಿ ಘಟ್ಟ ಹತ್ತಿ ಐಸ್ ಪೆಟ್ಟಿಗೆಯಲ್ಲಿ ಬರುವ ಕಡಲ ನೀರು, ಎರಡನ್ನೂ ಇವುಗಳಲ್ಲೇ ನೋಡುತ್ತೇವೆ.

ಬಾವಿ ನೀರಿಗೆ ನೈಟ್ರೇಟ್ ಮೀಟರನ್ನು ಧೈರ್ಯವಾಗಿ ಕೊಳ್ಳಿ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಮಿತಿ. ಆ ಆಸುಪಾಸಿನಲ್ಲಿ ರೀಡಿಂಗ್ ನಂಬುವಂತಿದೆ. ನಮ್ಮ ಮೀಟರ್ ನೈಟ್ರೋಜನ್ ಲೆಕ್ಕದಲ್ಲಿ ತೋರಿಸುತ್ತದೆ, ನೈಟ್ರೇಟ್ ಲೆಕ್ಕಕ್ಕೆ ತರಲು 4.43ರಿಂದ ಗುಣಿಸಬೇಕು. 10 ಎಂದು ಕಂಡರೆ ನೀರು ಮಿತಿಯ ಅಂಚಿಗೆ ಬಂದಿದೆ ಎಂದರ್ಥ. ಇದನ್ನು ರೈತರಿಗೆ ಬಿಡಿಸಿ ಹೇಳದೆ ಚೀಟಿ ಕೊಡಬಾರದು.

ಕಡಲ ನೀರಿನ ಮಾತೇ ಬೇರೆ. ನೈಟ್ರೇಟ್ ಮೀಟರಿನ ಕನಿಷ್ಠ ಮೆಟ್ಟಿಲು, ಅಂದರೆ ಅದು ತೋರಿಸಬಲ್ಲ ಅತಿ ಸಣ್ಣ ವ್ಯತ್ಯಾಸ, ಲೀಟರಿಗೆ 0.1 ಮಿಲಿಗ್ರಾಂ ನೈಟ್ರೋಜನ್; ಕಡಲ ನೀರಿನವರು ಬಳಸುವ ಅಳತೆಯಲ್ಲಿ ಸುಮಾರು 7 ಮೈಕ್ರೋಮೋಲ್. ಬೇಸಿಗೆಯಲ್ಲಿ ಕರಾವಳಿಯ ಮೇಲ್ಪದರದಲ್ಲಿ ಎಷ್ಟೋ ಸಲ ಒಂದು ಮೈಕ್ರೋಮೋಲ್ ಕೂಡ ಇರುವುದಿಲ್ಲ, ಪಾಚಿಜೀವಿಗಳು ಹೀರಿಕೊಂಡಿರುತ್ತವೆ. ಹಾಗಾಗಿ ಪರದೆ ಸೊನ್ನೆಯಲ್ಲೇ ನಿಲ್ಲುತ್ತದೆ. ನೀರಿನಲ್ಲಿ ಅದ್ದಿ ನೈಟ್ರೇಟ್ ಅಳೆಯುವ ಅಯಾನ್ ಎಲೆಕ್ಟ್ರೋಡ್ ಕೊಂಡರೂ ಬಗೆಹರಿಯದು: ಲೀಟರಿಗೆ ಸುಮಾರು 19 ಗ್ರಾಂ ಇರುವ ಕ್ಲೋರೈಡ್ ಅದನ್ನು ದಾರಿ ತಪ್ಪಿಸುತ್ತದೆ.

ಕೈಹಿಡಿದದ್ದು ನೈಟ್ರೈಟ್ ಮೀಟರ್. ಅದರ ಮೆಟ್ಟಿಲು ಲೀಟರಿಗೆ 1 ಮೈಕ್ರೋಗ್ರಾಂ, ಗರಿಷ್ಠ 200. ನೀರನ್ನು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಅಮೋನಿಯಂ ಕ್ಲೋರೈಡ್ ಬಫರ್ ಬೆರೆಸಿ, ತಾಮ್ರ ಲೇಪಿಸಿದ ಕ್ಯಾಡ್ಮಿಯಂ ತುಂಬಿದ ಕೊಳವೆಯಲ್ಲಿ (ಕಾಲಂನಲ್ಲಿ) ನಿಧಾನವಾಗಿ ಇಳಿಸುತ್ತೇವೆ. ನೈಟ್ರೇಟ್ ಅಲ್ಲಿ ನೈಟ್ರೈಟ್ ಆಗುತ್ತದೆ. ಸಲ್ಫಾನಿಲಮೈಡ್ ಮತ್ತು ನ್ಯಾಫ್ಥೈಲ್ ಎಥಿಲೀನ್ ಡೈಅಮೀನ್ ಹಾಕಿದೊಡನೆ ಗುಲಾಬಿ ಏರುತ್ತದೆ. "ಬಣ್ಣ ಬಂತ್ರಿ ಸರ" ಎಂದು ಹುಡುಗರು ಓಡಿ ಬರುತ್ತಾರೆ. ಬೇಸಿಗೆಯ ನೀರಿನಲ್ಲೂ ಅಂಕಿ ಸಿಗುವ ಸಂತೋಷ ದೊಡ್ಡದು. ಬಂದ ಮೊತ್ತದಲ್ಲಿ ಮೊದಲೇ ಇದ್ದ ನೈಟ್ರೈಟನ್ನು ಬೇರೆ ಅಳೆದು ಕಳೆಯಬೇಕು.

ಸ್ಟ್ಯಾಂಡರ್ಡುಗಳನ್ನು (ಸಾಂದ್ರತೆ ಮೊದಲೇ ಗೊತ್ತಿರುವ, ತಾಳೆ ನೋಡುವ ದ್ರಾವಣಗಳನ್ನು) ಬಟ್ಟಿ ಇಳಿಸಿದ ನೀರಿನಲ್ಲಲ್ಲ, ಅಷ್ಟೇ ಉಪ್ಪಿನ ನೀರಿನಲ್ಲಿ ಮಾಡಿ. ಒಂದೇ ಸಾಂದ್ರತೆಯ ನೈಟ್ರೇಟನ್ನು ಕಾಲಂನಲ್ಲಿ ಇಳಿಸಿ, ನೈಟ್ರೈಟನ್ನು ನೇರವಾಗಿ ಅಳೆದು ತಾಳೆ ನೋಡಿ. ಅಂತರ ಬಂತೆಂದರೆ ಕಾಲಂ ಸೋತಿದೆ, ಮತ್ತೆ ತಾಮ್ರ ಕೊಡಬೇಕು. ಕ್ಯಾಡ್ಮಿಯಂ ವಿಷ. ಕೈಗವಸು ಕಡ್ಡಾಯ. ತೊಳೆದ ನೀರೂ ಸಿಂಕಿಗೆ ಹೋಗಕೂಡದು, ಕ್ಯಾನಿನಲ್ಲಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯವಾಗಿಯೇ ಸಾಗಿಸಬೇಕು. ಇಷ್ಟು ಜಾಗ್ರತೆ ಇಲ್ಲದ ಶಾಲೆಗಳು ಈ ವಿಧಾನಕ್ಕೆ ಇಳಿಯದಿರುವುದೇ ಒಳ್ಳೆಯದು.

ಕಡಲ ನೀರಿನ ಅಮೋನಿಯಾ ಅಳೆಯಲು ಹಳದಿ ಬಣ್ಣ ಬರಿಸುವ ನೆಸ್ಲರ್ ಕಿಟ್ ಕೊಳ್ಳಬೇಡಿ, ಕಡಲಿನ ಮೆಗ್ನೀಸಿಯಂ ಗಸಿ ಕಟ್ಟಿ ನೀರು ಕದಡುತ್ತದೆ. ಇಂಡೋಫಿನಾಲ್ ನೀಲಿ ವಿಧಾನ ವಾಸಿ, ಸಿಟ್ರೇಟ್ ಸೇರಿಸಿದರೆ ಗಸಿ ಹಿಡಿತದಲ್ಲಿರುತ್ತದೆ. ಆ ಪರೀಕ್ಷೆ ಕಾರವಾರದಲ್ಲೇ ಅದೇ ದಿನ ಮುಗಿಯಬೇಕು. ನೈಟ್ರೇಟ್ ಬಾಟಲಿಗಳು ಫ್ರೀಜರಿನಲ್ಲಿ ಕಾಯುತ್ತವೆ.

ಮೀಟರಿನ ರಾಸಾಯನಿಕ ಪುಡಿ ಪೊಟ್ಟಣಗಳು ನಮ್ಮೂರಿನ ಮಳೆಗಾಲದ ತೇವಕ್ಕೆ ಗಟ್ಟಿಯಾಗುತ್ತವೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಗೀರು ಬಿದ್ದ ಗಾಜಿನ ಕುಪ್ಪಿಯನ್ನು ಎತ್ತಿಟ್ಟುಬಿಡಿ, ಕಡಿಮೆ ಅಂಕಿಗಳಲ್ಲಿ ಅದೇ ರೀಡಿಂಗ್ ಕೆಡಿಸುತ್ತದೆ. ನೈಟ್ರೇಟ್ ಮೀಟರಿಗೆ ಬಾವಿ ನೀರಿನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಅಂಕ, ಕಡಲಿಗೆ ಒಂದು. ನೈಟ್ರೈಟ್ ಮೀಟರಿಗೆ ನಾಲ್ಕೂವರೆ, ಕಾಲಂ ಕಟ್ಟಬಲ್ಲವರಿದ್ದರೆ ಮಾತ್ರ.