ಇಳಿಜಾರು ಕಡಿಮೆಯಿರುವ ಮಾಡಿಗೆ ಸೋಲಾರ್: ಹಂಚು, ಸ್ಕ್ರೂ ಶೀಟು, ಮಡಿಕೆ ಶೀಟು

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಹಿಂಭಾಗವನ್ನು ಹಳೆಯ ಮನೆಗೆ ತಾಗಿಸಿ ನಂತರ ಬೆಳೆಸಿದ್ದರಿಂದ, ಅದರ ಮಾಡಿಗೆ ಹತ್ತು ಅಡಿ ಅಗಲಕ್ಕೆ ಒಂದೂವರೆ ಅಡಿಯಷ್ಟೇ ಏರು ಸಿಕ್ಕಿದೆ. ಕೋನದ ಲೆಕ್ಕದಲ್ಲಿ ಸುಮಾರು 8.5 ಡಿಗ್ರಿ. ದಕ್ಷಿಣಕ್ಕೆ ಮುಖ ಮಾಡಿದ, ಮರದ ನೆರಳು ಬೀಳದ ಜಾಗ ಅದೊಂದೇ ಆದ್ದರಿಂದ ಸೋಲಾರ್ ಪ್ಯಾನೆಲ್‌ಗಳೂ ಅಲ್ಲಿಯೇ ಕೂರಬೇಕಾಯಿತು. ನಮ್ಮ ಅಕ್ಷಾಂಶದಲ್ಲಿ ಪ್ಯಾನೆಲ್‌ಗಳನ್ನು ಮಾಡಿಗೆ ಸಮಾನಾಂತರವಾಗಿ ಮಲಗಿಸಿದರೂ ವಿದ್ಯುತ್ತಿನಲ್ಲಿ ಆಗುವ ನಷ್ಟ ಅತ್ಯಲ್ಪ. ತೊಡಕಿದ್ದದ್ದು ಅವುಗಳ ಕೆಳಗಿನ ಹೊದಿಕೆಯಲ್ಲಿ.

2019ರವರೆಗೆ ಅಲ್ಲಿದ್ದದ್ದು ಮಂಗಳೂರು ಹಂಚು. ಹಂಚಿಗೆ 30 ಡಿಗ್ರಿಯ ಆಸುಪಾಸಿನ ಇಳಿಜಾರು ಬೇಕು. ನಮ್ಮ ಮಾಡಿನಲ್ಲಿ ಎರಚಲಿನ ನೀರು ಹಂಚಿನ ಸಂದಿನಲ್ಲಿ ಹಿಂದಕ್ಕೆ ಹರಿದು, ಹಂಚು ಕೂರುವ ಮರದ ಪಟ್ಟಿಗಳಾದ ರೀಪುಗಳನ್ನು ಸದಾ ಒದ್ದೆಯಾಗಿಟ್ಟಿರುತ್ತಿತ್ತು. ಪ್ಯಾನೆಲ್ ಕೂರಿಸಬೇಕಾದರೆ ಹಂಚನ್ನೆತ್ತಿ, ರೀಪುಗಳನ್ನು ಹೊರುವ ಓರೆ ತೊಲೆಯಾದ ಪಕಾಸಿಗೆ ಕೊಕ್ಕೆ ಬಿಗಿದು, ಹಂಚಿನ ಅಂಚನ್ನು ಉಜ್ಜಿ ಕೊಕ್ಕೆಗೆ ದಾರಿ ಮಾಡಬೇಕು. ಪರೀಕ್ಷೆಗೆಂದು ಎರಡು ಕೊಕ್ಕೆ ಹಾಕಿಸುವಷ್ಟರಲ್ಲಿ ಐದು ಹಂಚು ಒಡೆದವು. ಅಲ್ಲಿಗೆ ಆ ಯೋಚನೆಯನ್ನು ಬಿಟ್ಟೆ. ಭಾರದ ಕಾರಣಕ್ಕಂತೂ ಅಲ್ಲ, ಏಕೆಂದರೆ ಹಂಚನ್ನು ಹೊತ್ತು ನಿಂತ ಪಕಾಸಿಗೆ ಚದರ ಮೀಟರಿಗೆ ಹನ್ನೆರಡು ಕಿಲೋದಷ್ಟಿರುವ ಪ್ಯಾನೆಲ್ ಒಂದು ಹೊರೆಯೇ ಅಲ್ಲ. ಕಾಂಕ್ರೀಟ್ ತಾರಸಿಯ ಸಲಹೆಯೂ ಬಂದಿತ್ತು. ಮಲೆನಾಡಿನಲ್ಲಿ ತಾರಸಿ ಹಾಕಿಸಿದವರು ಕೆಲವು ಮಳೆಗಾಲಗಳ ನಂತರ ಅದರ ಮೇಲೂ ಶೀಟು ಹೊದಿಸುವುದನ್ನು ಕಂಡವನಾದ್ದರಿಂದ ನಾನು ಅತ್ತ ಹೋಗಲಿಲ್ಲ.

ಆ ವರ್ಷ ಇಡೀ ಮಾಡಿಗೆ ಅರ್ಧ ಮಿಲಿಮೀಟರ್ ದಪ್ಪದ, ಉಬ್ಬು ತಗ್ಗುಗಳಿರುವ ಬಣ್ಣದ ಶೀಟನ್ನು ಸ್ಕ್ರೂ ಹೊಡೆದು ಹಾಕಿಸಿದೆ. ಅದರ ಪೂರ್ವದ ಅರ್ಧಭಾಗದಲ್ಲಿ ಬ್ಯಾಟರಿ ವ್ಯವಸ್ಥೆಗೆಂದು 335 ವಾಟ್‌ನ ಆರು ಪ್ಯಾನೆಲ್‌ಗಳು ಬಂದವು. ಅವನ್ನು ಹಿಡಿಯಲು ಶೀಟಿನ ಉಬ್ಬುಗಳ ಮೇಲೆ ಹದಿನಾಲ್ಕು ಚಿಕ್ಕ ಹಳಿಗಳು, ಹಳಿಗೆ ನಾಲ್ಕರಂತೆ ಸ್ಕ್ರೂ. ಒಟ್ಟು 56 ಹೊಸ ತೂತುಗಳು. ಮೊದಲ ಮೂರು ಮಳೆಗಾಲ ಹನಿ ನೀರೂ ಇಳಿಯಲಿಲ್ಲ. ನಾಲ್ಕನೆಯದರಲ್ಲಿ ಪಕಾಸಿಯ ಮೇಲೆ ಕಂದು ಗೆರೆಯೊಂದು ಕಾಣಿಸಿತು. ಒಂದು ಪ್ಯಾನೆಲ್ ಬಿಚ್ಚಿಸಿ ನೋಡಿದರೆ, ಸ್ಕ್ರೂ ತಲೆಯ ಕೆಳಗಿನ ರಬ್ಬರ್ ವಾಷರ್ ಒಣಗಿ ಬೆರಳಿಗೆ ಪುಡಿಯಾಗಿ ಹತ್ತಿತು. ದುಂಡಗಿದ್ದ ತೂತು ಹುಣಸೆ ಬೀಜದಂತೆ ಉದ್ದವಾಗಿತ್ತು. ಇಪ್ಪತ್ತೆರಡು ಅಡಿ ಉದ್ದದ ಉಕ್ಕಿನ ಶೀಟು ಮಳೆಯ ತಂಪಿಗೂ ಬೇಸಿಗೆಯ ಮಧ್ಯಾಹ್ನದ ಕಾವಿಗೂ ನಡುವೆ, ನಲವತ್ತು ಡಿಗ್ರಿ ವ್ಯತ್ಯಾಸವೆಂದು ಹಿಡಿದರೆ, ಸುಮಾರು ಮೂರು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಸ್ಕ್ರೂ ಮಾತ್ರ ಕದಲುವುದಿಲ್ಲ. ಬರಿಯ ಮಾಡಾಗಿದ್ದರೆ ಏಣಿ ಹತ್ತಿ ವಾಷರ್ ಬದಲಿಸುವುದು ಅರ್ಧ ದಿನದ ಕೆಲಸ. ಪ್ಯಾನೆಲ್ ಕೆಳಗಿನ ಸೋರಿಕೆಗೆ ಶೀಟಿನವನು ಮತ್ತು ಸೋಲಾರಿನವನು ಒಂದೇ ದಿನ ಬಿಡುವಾಗಬೇಕು, ಅಂದು ಮಳೆಯೂ ಇರಬಾರದು.

2024ರಲ್ಲಿ ಪಿಎಂ ಸೂರ್ಯಘರ್ ಯೋಜನೆಯಡಿ 540 ವಾಟ್‌ನ ಇನ್ನೂ ಆರು ಪ್ಯಾನೆಲ್ ಹಾಕಿಸುವ ಮೊದಲು ಪಶ್ಚಿಮದ ಅರ್ಧಭಾಗದ ಶೀಟನ್ನು ಕಿತ್ತು ಸ್ಟ್ಯಾಂಡಿಂಗ್ ಸೀಮ್ ಶೀಟು ಹೊದಿಸಿದೆ. ಇದರಲ್ಲಿ ಪಕ್ಕದ ಎರಡು ಶೀಟುಗಳ ಅಂಚನ್ನು ಮೇಲಕ್ಕೆತ್ತಿ ಒಂದಕ್ಕೊಂದು ಮಡಿಚಿ ಕೂಡಿಸುತ್ತಾರೆ. ಹಿಡಿಯುವ ಕ್ಲಿಪ್ಪುಗಳು ಮಡಿಕೆಯ ಒಳಗೆ ಅಡಗಿರುವುದರಿಂದ ಶೀಟಿಗೆ ಸರಿದಾಡಲು ಎಡೆಯಿರುತ್ತದೆ. ಪ್ಯಾನೆಲ್‌ನ ಹಳಿಗಳನ್ನು ಕ್ಲ್ಯಾಂಪುಗಳಿಂದ ಆ ಮಡಿಕೆಗೇ ಕಚ್ಚಿಸಲಾಗಿದ್ದು, ನೀರು ಹರಿಯುವ ಮೈಯಲ್ಲಿ ಒಂದು ತೂತೂ ಇಲ್ಲ. ಆದರೆ ಮಡಿಕೆಯ ಆಕಾರಕ್ಕೆ ಸರಿಹೊಂದುವ ಕ್ಲ್ಯಾಂಪೇ ಬೇಕು. ಬಿಗಿ ಹೆಚ್ಚಾದರೆ ಲೇಪ ಕೀಳುತ್ತದೆ, ಕಡಿಮೆಯಾದರೆ ಜಾರುತ್ತದೆ. ಕೆಲಸಗಾರರನ್ನು ಶಿವಮೊಗ್ಗದಿಂದ ಕರೆಸಬೇಕಾಯಿತು. ಸ್ಕ್ರೂ ಶೀಟಿಗೆ ಆಗುತ್ತಿದ್ದುದರ ಎರಡು ಪಟ್ಟು ಹಣವೂ ಹೋಯಿತು. ಮೂರು ಕಿಲೋವ್ಯಾಟ್‌ಗೆ ಸಿಗುವ 78,000 ರೂಪಾಯಿ ಸಹಾಯಧನ ಸೋಲಾರ್ ವ್ಯವಸ್ಥೆಗೇ ಹೊರತು ಮಾಡಿಗಲ್ಲ. ಹಾಗಿದ್ದರೂ, ಪ್ಯಾನೆಲ್ ಇಪ್ಪತ್ತೈದು ವರ್ಷ ಕೂರುವುದಾದರೆ ಅದರ ಕೆಳಗೆ ನಾಲ್ಕು ವರ್ಷಕ್ಕೊಮ್ಮೆ ಕೈ ಹಾಕಬೇಕಾದ ಹೊದಿಕೆಯನ್ನು ಅಗ್ಗವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಎರಡೂ ಭಾಗಗಳಿಗೆ ಸಮನಾದ ಕಾಟವೆಂದರೆ ತರಗೆಲೆ. ಈ ಇಳಿಜಾರಿನಲ್ಲಿ ಎಲೆ ತಾನಾಗಿ ಜಾರುವುದಿಲ್ಲ. ಪ್ಯಾನೆಲ್ ನೆರಳಿನಲ್ಲಿ ಕೊಳೆತು ಪಾಚಿ ಕಟ್ಟುತ್ತದೆ. ಪೂರ್ವದಲ್ಲಿ ಪ್ಯಾನೆಲ್‌ಗೂ ಶೀಟಿಗೂ ನಡುವೆ ಎರಡೇ ಇಂಚಿನ ಸಂದು ಬಿಟ್ಟಿದ್ದರು, ಪಶ್ಚಿಮದಲ್ಲಿ ಆರು ಇಂಚು ಬಿಡಿಸಿದ್ದೇನೆ. ಉದ್ದ ಕೋಲಿನ ಪೊರಕೆ ಒಳಗೆ ಹೋಗುತ್ತದೆ, ಗಾಳಿಯೂ ಆಡುತ್ತದೆ. ಪ್ಯಾನೆಲ್ 25 ಡಿಗ್ರಿಗಿಂತ ಮೇಲೆ ಕಾದ ಪ್ರತಿ ಡಿಗ್ರಿಗೂ ಶೇಕಡಾ 0.35ರಿಂದ 0.4ರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ ಇದು ಸಣ್ಣ ಲಾಭವಲ್ಲ.

ಹೊಸ ಶೀಟಿನಲ್ಲೂ ಒಂದು ಗಾಯವಿದೆ. ಎಲೆಕ್ಟ್ರಿಷಿಯನ್ ಅರ್ಥಿಂಗ್‌ನ ಬರಿಯ ತಾಮ್ರದ ತಂತಿಯನ್ನು ಶೀಟಿಗೆ ತಾಗುವಂತೆ ಎಳೆದಿದ್ದ. ಶೀಟಿನ ಲೇಪದಲ್ಲಿ ಶೇಕಡಾ 55ರಷ್ಟು ಅಲ್ಯೂಮಿನಿಯಂ, ಉಳಿದದ್ದು ಬಹುಪಾಲು ಸತು. ತಾಮ್ರ ತಾಗಿ ನೀರೂ ಸೇರಿದರೆ ಸವೆಯುವುದು ಈ ಲೇಪವೇ. ಒಂದೇ ಮಳೆಗಾಲದಲ್ಲಿ ತಂತಿ ಹಾದ ಕಡೆ ಬಣ್ಣ ಗುಳ್ಳೆಯೆದ್ದು, ಕೆಳಗೆ ಬಿಳಿ ಪುಡಿ ಕಾಣಿಸಿತು. ಈಗ ತಂತಿಯನ್ನು ಪಿವಿಸಿ ಪೈಪಿನೊಳಗೆ ಹಾಕಿಸಿ, ಶೀಟಿನಿಂದ ಮೇಲೆತ್ತಿ ಗೋಡೆಯ ಕಡೆಗೆ ಇಳಿಸಿದ್ದೇನೆ.